ಹಣ್ಣು ಬಿಡದ ಹಿಪ್ಪುನೇರಳೆ

ಅಮ್ಮನ ಮೂಗಿಗಾಗಿ ನಾವು ಊರು ಬಿಟ್ಟೆವು.
ನಗಬೇಡಿ. ಡಾಕ್ಟರು ಚೀಟಿಯಲ್ಲೇ ಬರೆದುಕೊಟ್ಟಿದ್ದರು,
ಮಾತ್ರೆ ಬರೆಯುವ ಅದೇ ಗೀಚಿನಲ್ಲಿ: ಅರಿಝೋನಾ.
ಎಷ್ಟು ದಿನ, ಊಟಕ್ಕೆ ಮುಂಚೆಯೋ ಆಮೇಲೋ
ಅದನ್ನು ಮಾತ್ರ ಹೇಳಿರಲಿಲ್ಲ.

ಇಂಡಿಯಾನಾದಲ್ಲಿ ಆಗಸ್ಟ್ ಬಂತೆಂದರೆ
ಜೋಳದ ಹೊಲದಂಚಿಗೆ ರ‍್ಯಾಗ್‌ವೀಡ್ ಕಳೆ ಎದೆಯೆತ್ತರ.
ಅಮ್ಮ ನೆಲಮಾಳಿಗೆಯಲ್ಲಿ, ಕಣ್ಣಿಗೆ ಒದ್ದೆಬಟ್ಟೆ,
ಸೌತೆಯ ಉಪ್ಪಿನಕಾಯಿ ಜಾಡಿಗಳ ಸಾಲಿನಲ್ಲಿ
ತಾನೂ ಒಂದು ಜಾಡಿ, ಮುಚ್ಚಳ ಬಿಗಿದು.
ರಾತ್ರಿ ಅಪ್ಪ ಮಲಗಿದಲ್ಲೇ ಸೀನು ಎಣಿಸುತ್ತಿದ್ದ;
ಹದಿನೇಳು ದಾಟಿದರೆ ಎದ್ದು ಕಾಫಿ ಕಾಯಿಸುತ್ತಿದ್ದ.

ಐವತ್ತಮೂರನೇ ಇಸವಿ. ಹಳೆಯ ಸ್ಟುಡಬೇಕರ್.
ಹಿಂದಿನ ಸೀಟಿನಲ್ಲಿ ನಾನು, ಹೊಲಿಗೆಯಂತ್ರ, ಅಜ್ಜಿಯ ಗಡಿಯಾರ
(ಮಿಸ್ಸೂರಿ ದಾಟುವಾಗ ನಿಂತದ್ದು ಮತ್ತೆ ನಡೆಯಲಿಲ್ಲ).
ನಾಲ್ಕನೇ ದಿನ ಅಮ್ಮ ಗಾಜು ಇಳಿಸಿದಳು,
ಇಷ್ಟೇ ಇಷ್ಟು, ಎರಡು ಬೆರಳಗಲ.
ಮತ್ತೆರಡು ಬೆರಳು.
ಆಮೇಲೆ ಇಡೀ ತಲೆ ಹೊರಗೆ, ಪೆದ್ದು ನಾಯಿಯ ಹಾಗೆ.

ಟೂಸಾನ್‌ನಲ್ಲಿ ಅವಳಿಗೆ ಮೂಗು ವಾಪಸು ಬಂತು.
ಮಳೆ ಬೀಳುವ ಮೊದಲೇ ಕ್ರಿಯೊಸೋಟ್ ಪೊದೆಯ ಡಾಂಬರಿನಂಥ ಕಂಪು,
ಬಿಸಿಯೇರಿದ ಕಲ್ಲಿನ ವಾಸನೆ, ಸುಟ್ಟ ತೋರ್ತಿಯಾ.
"ಎಲ್ಡನ್, ನಿನ್ನ ಕುತ್ತಿಗೆ ಪೆನ್ಸಿಲ್ ಚೂರಿನ ವಾಸನೆ,"
ಎಂದಳು ಒಂದು ಸಂಜೆ.
ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು.

ನಮ್ಮ ಬೀದಿಯ ತುಂಬ ಗಾಳಿ ಅರಸಿ ಬಂದವರೇ:
ಪಿಟ್ಸ್‌ಬರ್ಗಿನ ಉಬ್ಬಸ, ಮಿನೆಸೋಟಾದ ಕಟ್ಟಿದ ಮೂಗು,
ಬ್ರೂಕ್ಲಿನ್ನಿನ ಕೆಮ್ಮೊಂದು, ಅದರ ಮೂರು ಮಕ್ಕಳು.
ಉಸಿರು ಸಲೀಸಾದದ್ದೇ ಎಲ್ಲರಿಗೂ ಹಸಿರಿನ ನೆನಪು.
ಹುಲ್ಲು ಹಾಸಿದರು. ಆಲಿವ್ ನೆಟ್ಟರು.
ಅಮ್ಮ ಹೆಚ್ಚೇನೂ ಕೇಳಲಿಲ್ಲ, ಒಮ್ಮೆ ಅಂದಳು ಅಷ್ಟೆ:
"ಇಲ್ಲಿ ಎಲೆ ಅಲುಗುವ ಸದ್ದೇ ಇಲ್ಲ."
ಶನಿವಾರ ಅಪ್ಪ ಸಸಿ ಹೊತ್ತು ತಂದ.
ಹಿಪ್ಪುನೇರಳೆ. ಗಂಡುಮರ. ಅಂಗಡಿಯವನ ಆಣೆ:
ಹಣ್ಣು ಉದುರೊಲ್ಲ ಸಾರ್, ಅಂಗಳ ಕೊಳೆಯಾಗೊಲ್ಲ.

ಏಳನೆಯ ಮಾರ್ಚ್. ರಾತ್ರಿ ಊಟ. ಒಂದು ಸೀನು.
ಯಾರೂ ತಲೆ ಎತ್ತಲಿಲ್ಲ.
"ಮೆಣಸು ಜಾಸ್ತಿಯಾಯಿತು," ಎಂದ ಅಪ್ಪ.
ಆಲೂಗಡ್ಡೆಗೆ ಮೆಣಸೇ ಹಾಕಿರಲಿಲ್ಲ.
ಎರಡು. ಮೂರು.
ಅಪ್ಪನ ತುಟಿ ತಾನಾಗಿ ಅಲ್ಲಾಡತೊಡಗಿತು.

ಆಸ್ಪತ್ರೆಯಲ್ಲಿ ನರ್ಸ್ ರೆಫ್ಯೂಹಿಯಾ ಅಮ್ಮನ ಬೆನ್ನಿಗೆ
ನಲವತ್ತು ಸಲ ಸೂಜಿ ತಾಗಿಸಿ ಗಡಿಯಾರ ನೋಡುತ್ತ ನಿಂತಳು.
ಇಂಡಿಯಾನಾದ ಕಳೆ ಎದ್ದಿತು, ಹಳೆ ಪರಿಚಯ.
ಅದರ ಪಕ್ಕ ಹೊಸತೊಂದು, ನಾಣ್ಯದಗಲ, ಕೆಂಪಗೆ.
ಏನು ಅಂತ ಹೇಳಿ, ಮುಖ ತಿರುಗಿಸಿ
ಅವಳೂ ಸೀನಿದಳು, ಮೊಣಕೈಗೆ.
"ನಾನು ಹುಟ್ಟಿದ್ದು ಈ ನದಿಯ ಪಕ್ಕ, ಸೆನ್ಯೋರಾ.
ನಮ್ಮಜ್ಜಿ ಸೀನಿದ್ದೇ ನನಗೆ ನೆನಪಿಲ್ಲ.
ನಾನು ಎಲ್ಲಿಗೂ ಹೋಗಲಿಲ್ಲ.
ಎಲ್ಲಿಂದಲೋ ನೀವೇ ಅದನ್ನು ನನ್ನ ಬಾಗಿಲಿಗೆ ತಂದಿರಿ."
ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಹತ್ತಿಯಿಂದ ಬೆನ್ನೊರೆಸಿದಳು.

ಆ ಭಾನುವಾರ ಅಪ್ಪ ಗರಗಸಕ್ಕೆ ಸಾಣೆ ಹಿಡಿದ.
ಅಮ್ಮ ಕುರ್ಚಿ ಎಳೆದು ಮರದಡಿ ಕೂತಳು,
ಊದಿದ ಕಣ್ಣಿನ ಮೇಲೆ ಒದ್ದೆಬಟ್ಟೆ.
"ಮೇ ತಿಂಗಳಿಗೆ ಎಲೆ ದೊಡ್ಡದಾಗುತ್ತೆ," ಎಂದಳು, "ಇರಲಿ."
ಗರಗಸ ಮತ್ತೆ ಮೊಳೆಗೆ ಹೋಯಿತು.

ಮರ ಇನ್ನೂ ಇದೆ, ನೀರು ಸಾಲದೆ ಒಂದು ಮಗ್ಗುಲು ಒಣಗಿದೆ.
ನನ್ನ ಡಾಕ್ಟರು, ಚಿಕ್ಕ ಹುಡುಗ, ಮೊನ್ನೆ ಕೇಳಿದ:
ಬೇರೆ ಹವೆಗೆ ಹೋಗಿ ನೋಡಬಾರದೇ, ಸಮುದ್ರದ ಕಡೆ?
ಯೋಚಿಸುತ್ತೇನೆ ಎಂದೆ.
ನಿನ್ನೆ ರಾತ್ರಿ ಹದಿನಾಲ್ಕಕ್ಕೇ
ಎದ್ದು ಕಾಫಿಗಿಟ್ಟೆ.